ಒಂದೇ ಕಾರ್ಡಿನ ಮದುವೆ

ಜಿದ್ದಾ ನಗರದ ಮದುವೆ ಮನೆಗಳಲ್ಲಿ ವಿಜ್ದಾನ್‌ಗೆ ಹೆಸರು ತಂದುಕೊಟ್ಟಿದ್ದು ಒಂದು ತುಂಡು ಕರಿಯ ಅಂಟುಪಟ್ಟಿ. ಅವಳಿಗಿಂತ ಚೆನ್ನಾಗಿ ಚಿತ್ರ ತೆಗೆಯುವ ಹೆಂಗಸರು ಊರಲ್ಲಿ ಬೇಕಾದಷ್ಟಿದ್ದರು. ಅದನ್ನು ಅವಳೂ ಒಪ್ಪುತ್ತಿದ್ದಳು, ಸ್ವಲ್ಪ ಮುಖ ಹುಳ್ಳಗೆ ಮಾಡಿಕೊಂಡು. ಆದರೆ ಗಂಡಸರ ನೆರಳೂ ಬೀಳದ ಹೆಂಗಸರ ಸಭಾಂಗಣದಲ್ಲಿ ಮೈಮುಚ್ಚುವ ಅಬಾಯ ಕಳಚಿಟ್ಟು, ಕೂದಲು ಬಿಟ್ಟುಕೊಂಡು, ಬೆನ್ನು ಕಾಣುವ ರೇಷ್ಮೆಯುಟ್ಟು ಕುಣಿಯುವವರಿಗೆ ಚೆಂದದ ಚಿತ್ರಕ್ಕಿಂತ ದೊಡ್ಡ ಚಿಂತೆಯೊಂದಿರುತ್ತದೆ. ಇದು ನಾಳೆ ಯಾರ ಕೈಗೆ ಹೋಗುತ್ತದೆ? ಬಂದವರ ಮೊಬೈಲುಗಳನ್ನೇನೋ ಬಾಗಿಲಲ್ಲಿ ಕೂತ ಗಟ್ಟಿಗಿತ್ತಿಯರು ಕಸಿದಿಟ್ಟುಕೊಳ್ಳುತ್ತಾರೆ. ಕ್ಯಾಮೆರಾದವಳನ್ನು ನಂಬುವುದು ಹೇಗೆ?

ಅದಕ್ಕೆ ವಿಜ್ದಾನ್ ಒಂದು ಪದ್ಧತಿ ಮಾಡಿಕೊಂಡಿದ್ದಳು. ಕೆಲಸಕ್ಕೆ ಮೊದಲು ಮದುಮಗಳ ತಾಯಿಯನ್ನು ಪಕ್ಕಕ್ಕೆ ಕರೆದು ಕ್ಯಾಮೆರಾದ ಮುಚ್ಚಳ ತೆಗೆದು ತೋರಿಸುವಳು. ಒಳಗೆ ಚಿತ್ರ ತುಂಬಿಕೊಳ್ಳುವ ಕಾರ್ಡು ಕೂರುವ ಎರಡು ಗೂಡು; ಎರಡೂ ತುಂಬಿದ್ದರೆ ಎರಡು ಪ್ರತಿ. ಒಂದರಲ್ಲಿ ಹೊಸ ಕಾರ್ಡನ್ನು ತಾಯಿಯ ಕೈಯಿಂದಲೇ ಹಾಕಿಸುವಳು. ಇನ್ನೊಂದರ ಮೇಲೆ ಅಂಟುಪಟ್ಟಿ ಎಳೆದು ತಾಯಿಯ ಹೆಬ್ಬೆರಳಿನಿಂದಲೇ ಒತ್ತಿಸುವಳು. ಮದುವೆ ಮುಗಿದ ಮೇಲೆ ಎಲ್ಲರ ಕಣ್ಣೆದುರು ಕಾರ್ಡು ಕಿತ್ತು ಆ ತಾಯಿಯ ಅಂಗೈಯಲ್ಲಿಟ್ಟು, "ನೀವು ನಂಬಿ ಕೊಟ್ಟ ಅಮಾನತ್ತು, ಒಪ್ಪಿಸಿದೆ" ಎನ್ನುವಳು. ಮೂರನೆಯ ದಿನ ಅವರ ಮನೆಗೇ ಹೋಗಿ, ಅವರ ಮುಂದೆಯೇ ಕೂತು ಆರಿಸಿ, ತಿದ್ದಿಕೊಟ್ಟು, ಬರಿಗೈಯಲ್ಲಿ ಮರಳುವಳು. ಊರು ಅವಳನ್ನು 'ಒಂದೇ ಕಾರ್ಡಿನ ವಿಜ್ದಾನ್' ಎಂದು ಕರೆಯತೊಡಗಿದಾಗ ಅವಳಿಗೆ ಒಳಗೊಳಗೇ ಹಿಗ್ಗು. ಹಿಗ್ಗಬಾರದೆಂದೇನಲ್ಲ. ಕಷ್ಟಪಟ್ಟು ಗಳಿಸಿದ ಹೆಸರು.

ಎಲ್ಲರೂ ಚಿಕ್ಕಮ್ಮನೆಂಬಂತೆ 'ಖಾಲಾ' ಎನ್ನುವ ಆದಿಲಾ ಬಂದದ್ದೂ ಆ ಹೆಸರು ಕೇಳಿಕೊಂಡೇ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಎದುರಿಗೆ ಕೂತವರೆಲ್ಲ ಅವಳ ಕಣ್ಣಿಗೆ ಇನ್ನೂ ಮನೆಪಾಠ ಮಾಡದ ಹುಡುಗಿಯರೇ. ಮಗಳು ಅಫ್ನಾನ್‌ಳ ಮದುವೆ ಗೊತ್ತಾಗಿತ್ತು.

"ನನ್ನ ಮದುವೆ ಚಿತ್ರ ತೆಗೆದಿದ್ದು ನಿಮ್ಮ ಸೋದರತ್ತೆ ಬಹೀಜಾ," ಎಂದು ಹಳೆಯ ಚಿತ್ರವೊಂದನ್ನು ಮುಂದೆ ಹಿಡಿದಳು. "ನೋಡು, ದೀಪದ ಸುತ್ತ ಬೆಣ್ಣೆ ಕರಗಿದ ಹಾಗೆ ಕಾಣುತ್ತೆ. ಈಗಿನವರು ತೆಗೆದಿದ್ರಲ್ಲಿ ನಮ್ಮ ಮುಖ ಸಿಪ್ಪೆ ಸುಲಿದು ಇಟ್ಟ ಹಾಗಿರುತ್ತೆ. ನನ್ನ ಮಗಳಿಗೂ ಇಂಥದ್ದೇ ಬೇಕು. ಆಗುತ್ತೋ ಇಲ್ವೋ?"

ಆ ಬೆಣ್ಣೆ ಬಹೀಜಾ ಅತ್ತೆಯ ಹಳೆಯ ಲೆನ್ಸಿನದು. ಅದು ಈಗ ವಿಜ್ದಾನ್‌ಳ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಹತ್ತಿ ಹೊದ್ದು ಮಲಗಿತ್ತು. ಅತ್ತೆಗೂ ಒಂದು ಕಾಲದಲ್ಲಿ ಊರೆಲ್ಲ ಹೆಸರಿತ್ತು. ಅವಳ ಸ್ಟುಡಿಯೊದಿಂದ ಮದುಮಗಳೊಬ್ಬಳ ಚಿತ್ರದ ಒಂದೇ ಒಂದು ಪ್ರತಿ ಕಾಣೆಯಾಗಿ, ಯಾರದೋ ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಸಿಕ್ಕಿತಂತೆ. ಹೇಗೆ ಹೋಯಿತು, ಯಾರು ಕೊಟ್ಟರು, ಕೊನೆಗೂ ತಿಳಿಯಲಿಲ್ಲ. ಮಾರನೆಯ ತಿಂಗಳಿಂದ ಯಾರೂ ಕರೆಯಲಿಲ್ಲ. ಅತ್ತೆ ಬಾಗಿಲು ಮುಚ್ಚಿ ಮದೀನಾಕ್ಕೆ ಹೋಗಿ ಸೇರಿದಳು. ವಿಜ್ದಾನ್‌ಳ ಅಂಟುಪಟ್ಟಿ ಹುಟ್ಟಿದ್ದು ಆ ಹೆದರಿಕೆಯಲ್ಲಿ.

"ಆಗುತ್ತೆ ಖಾಲಾ," ಎಂದಳು ವಿಜ್ದಾನ್. ಹೇಳುವುದೇನೋ ಸುಲಭ.

ಅವಳ ಹೊಸ ಕ್ಯಾಮೆರಾ ಬಿಡಿಭಾಗಗಳದ್ದು. ನಡುವೆ ಮುಷ್ಟಿಗಾತ್ರದ ಚೌಕ ಪೆಟ್ಟಿಗೆ. ಅದಕ್ಕೆ ಹಿಡಿಯೂ ಇಲ್ಲ, ಪರದೆಯೂ ಇಲ್ಲ. ಹಿಡಿ, ಪರದೆ, ಬ್ಯಾಟರಿ, ಮೈಕು, ಎಲ್ಲವನ್ನೂ ಬೇಕಾದ ಹಾಗೆ ತಂದು ಸಿಕ್ಕಿಸಿಕೊಳ್ಳಬೇಕು. ಲೆನ್ಸು ಕೂರುವ ಮುಂಭಾಗದ ಬಳೆಯನ್ನೂ ಬಿಚ್ಚಿ ಬೇರೆ ಹಾಕಬಹುದು. ಅವಳ ತಮ್ಮ ರಾಕಾನ್ ಹೋಟೆಲು, ಕಾರು ಮಳಿಗೆಗಳಿಗೆ ಜಾಹೀರಾತು ತೆಗೆಯುವವನು. ಅವನ ಹತ್ತಿರವೂ ಇಂಥದ್ದೇ ಇತ್ತು.

"ಅಕ್ಕಾ, ಇದು ಕ್ಯಾಮೆರಾ ಅಲ್ಲ, ಕೂಡು ಕುಟುಂಬ," ಎಂದು ನಗುತ್ತಿದ್ದ. "ಒಬ್ಬರ ಪಕ್ಕ ಒಬ್ಬರು ಕೂತಿರ್ತಾರೆ, ಮಾತಿರಲ್ಲ."

ಅವನು ಹೇಳಿದ್ದು ನಿಜವೇ. ಬೇರೆ ಕಾಲದ ಲೆನ್ಸನ್ನು ಹೊಸ ಪೆಟ್ಟಿಗೆಗೆ ಕೂರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ಕೂರುತ್ತದೆಯೇ? ಕೂತ ಮೇಲೆ ಮಾತಾಡುತ್ತದೆಯೇ? ಲೆನ್ಸಿನ ಹಿಂಬದಿಗೂ ಒಳಗೆ ಬೆಳಕು ಹಿಡಿಯುವ ಬಿಲ್ಲೆಗೂ ನಡುವೆ ಇಂತಿಷ್ಟೇ ಅಂತರವೆಂಬ ಲೆಕ್ಕವಿದೆ. ಕೂದಲೆಳೆಯಷ್ಟು ತಪ್ಪಿದರೂ ದೂರದ್ದೆಲ್ಲ ಮಂಜು. ಅದಕ್ಕೆ ನಡುವೆ ಸರಿಯಾದ ದಪ್ಪದ ಬಳೆ ಬೇಕು. ವಿಜ್ದಾನ್ ಮೊದಲು ತರಿಸಿದ ಬಳೆ ಗಟ್ಟಿಯಾಗಿ ಕೂತಿತು, ಚಿತ್ರ ಮಾತ್ರ ಮಸುಕು ಮಸುಕು. ಎರಡನೆಯದು ಸರಿಹೋಯಿತು. ಮೂಲೆಗಳೂ ಕಪ್ಪಾಗಲಿಲ್ಲ, ಅತ್ತೆಯ ಲೆನ್ಸು ದೊಡ್ಡ ಫಿಲಮ್ಮಿನ ಕಾಲದ್ದು, ಬೆಳಕನ್ನು ಧಾರಾಳವಾಗಿ ಚೆಲ್ಲುತ್ತಿತ್ತು.

ಮಾತು ಮಾತ್ರ ಇಲ್ಲ. ಹೊಸ ಲೆನ್ಸುಗಳು ಪೆಟ್ಟಿಗೆಯೊಂದಿಗೆ ಸದಾ ಪಿಸುಗುಟ್ಟುತ್ತಿರುತ್ತವೆ: ಮುಖ ಎಲ್ಲಿದೆ, ಎಷ್ಟು ದೂರ, ಎಷ್ಟು ಬೆಳಕು ಬಿಡಲಿ. ಅತ್ತೆಯದು ಬಾಯಿಗೆ ಬೀಗ ಹಾಕಿಕೊಂಡ ಮುದುಕಿ. ಮುಖ ಸ್ಪಷ್ಟವಾಗಬೇಕೆಂದರೆ ಕೈಯಿಂದಲೇ ತಿರುಗಿಸಬೇಕು, ಕಣ್ಣಿಂದಲೇ ನೋಡಬೇಕು. ವಿಜ್ದಾನ್‌ಳ ಪರದೆ ಬೆಂಕಿಪೊಟ್ಟಣದಷ್ಟು. ಅದರಲ್ಲಿ ನೋಡಿಕೊಂಡು ಕುಣಿಯುವವರ ಮುಖವನ್ನು ಹಿಡಿಯುವುದು ಆಗುವ ಮಾತಲ್ಲ. ಅದಕ್ಕೇ ರಾಕಾನ್‌ನ ದೊಡ್ಡ ಪರದೆಯನ್ನು ಕೇಳಿ ಪಡೆದಳು.

ಪರದೆಯ ಬೆನ್ನಿಗೆ ಅಂಗೈಯಗಲದ ಡಬ್ಬಿಯೊಂದಿತ್ತು. "ಇದೇನೋ?" ಎಂದು ಕೇಳಿದ್ದಳು.

"ಅದು ನನ್ನ ಕೆಲಸದ್ದು. ನೀನು ಅದರ ಗೋಜಿಗೇ ಹೋಗ್ಬೇಡ. ಪರದೆ ನೋಡ್ಕೋ, ಅಷ್ಟೇ," ಎಂದಿದ್ದ ರಾಕಾನ್, ಗಾಡಿ ಕೀ ಹುಡುಕುತ್ತಾ. ಕೆಲಸದ ಅವಸರದಲ್ಲಿದ್ದವನು. ಅವಳೂ ಗೋಜಿಗೆ ಹೋಗಲಿಲ್ಲ.

ಮದುವೆಯ ದಿನ ಆದಿಲಾ ಖಾಲಾ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ತಾನೇ ಹೇಳಿದಳು: "ಧೈರ್ಯವಾಗಿ ಕುಣೀರಿ. ಇರೋದು ಒಂದೇ ಕಾರ್ಡು. ಅದು ನನ್ನ ಎದೆ ಮೇಲಿರುತ್ತೆ." ಎರಡನೆಯ ಗೂಡಿನ ಅಂಟುಪಟ್ಟಿಯನ್ನು ತಾನೇ ಒತ್ತಿ, ಸಾಲದೆಂದು ಉಗುರಿನಿಂದ ಇನ್ನೊಮ್ಮೆ ಸವರಿದ್ದಳು. ಹೆಂಗಸರು ಕುಣಿದರು. ಎರಡು ವರ್ಷದಿಂದ ತನ್ನ ಹೆಸರಿಗೂ ತಡಕಾಡುವ ಮನೆಯ ಹಿರಿಯಜ್ಜಿ, ಎಲ್ಲರೂ ಅಜ್ಜಿ ಎಂಬರ್ಥದಲ್ಲಿ 'ಸಿತ್ತಿ' ಎನ್ನುವ ಖಾಲಾಳ ತಾಯಿ ಜುಹೂರ್, ತಮಟೆಯ ಸದ್ದಿಗೆ ಗಾಲಿಕುರ್ಚಿಯಲ್ಲಿ ನೆಟ್ಟಗಾದಳು. ಕಿವಿಗೊಟ್ಟು ಕೇಳಿದಳು. ಆಮೇಲೆ ಬಾಯಿ ತೆರೆದು, ತನ್ನ ಹರೆಯದ ಮದುವೆ ಹಾಡೊಂದನ್ನು ಒಂದು ಸಾಲೂ ತಪ್ಪದೆ ಹಾಡಿದಳು. ಸಭಾಂಗಣದ ಅರ್ಧ ಅತ್ತಿತು, ಇನ್ನರ್ಧ ಅವಳ ಸುತ್ತ ಕುಣಿಯಿತು. ವಿಜ್ದಾನ್ ಉಸಿರು ಬಿಗಿಹಿಡಿದು ಲೆನ್ಸಿನ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತಾ ಆ ಮುಖವನ್ನು ಹಿಡಿದೇ ಇಟ್ಟಳು. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕಿ ಮಿನುಗುತ್ತಿತ್ತು. ಕ್ಯಾಮೆರಾದ ಚುಕ್ಕಿ ಅದು ಎಂದುಕೊಂಡಳು. ಅಲ್ಲಿ ಮಿನುಗುತ್ತಿದ್ದದ್ದು ಎರಡು ಚುಕ್ಕಿ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಮದುವೆ ಮುಗಿದು ಕಾರ್ಡನ್ನು ಖಾಲಾಳ ಕೈಗೊಪ್ಪಿಸಿ ಬಂದ ಮರುದಿನ, ಶುಕ್ರವಾರ, ಅವಳಿನ್ನೂ ಮಲಗಿದ್ದಾಗ ರಾಕಾನ್ ಬಂದು ಪರದೆ ಒಯ್ದ. ಶನಿವಾರ ಅವನ ಫೋನು ಬಂತು. ಜಾಹೀರಾತಿನ ಕೆಲಸಕ್ಕೆಂದು ಯಾನ್ಬು ಊರಿನ ಹೆದ್ದಾರಿಯಲ್ಲಿದ್ದ, ಗಾಳಿಯ ಸದ್ದು.

"ಅಕ್ಕಾ, ಡಿಸ್ಕ್ ತುಂಬಿಸಿಟ್ಟಿದ್ದೀಯಲ್ಲಾ! ನಾವಿಲ್ಲಿ ಬಿಸಿಲಲ್ಲಿ ಬಾಯಿ ಬಾಯಿ ಬಿಡ್ತಾ ಇದ್ದೀವಿ."

"ಯಾವ ಡಿಸ್ಕೋ?"

"ಪರದೆ ಹಿಂದಿನ ಡಬ್ಬಿ. ಅದು ರೆಕಾರ್ಡ್ ಮಾಡುತ್ತೆ, ಗೊತ್ತಿಲ್ವಾ?"

"ನಾನು ಅದರ ಗುಂಡಿ ಮುಟ್ಟೇ ಇಲ್ಲ."

"ಮುಟ್ಟೋದೇನು ಬೇಡ ಅಕ್ಕ. ಕ್ಯಾಮೆರಾ ಶುರುವಾದ್ರೆ ತಾನೂ ಶುರುವಾಗೋ ಹಾಗೆ ನಾನೇ ಇಟ್ಟಿರೋದು. ಅದೂ ಇದೂ ಮಾತಾಡ್ಕೊಳ್ತಾವೆ..." ಅಷ್ಟು ಹೇಳಿದ ಮೇಲೆ ಅವನಿಗೂ ಅರ್ಥವಾಯಿತು.

ವಿಜ್ದಾನ್ ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. ಮಾತಾಡದ್ದನ್ನು ಮಾತಾಡಿಸಲು ವಾರಗಟ್ಟಲೆ ಒದ್ದಾಡಿದವಳು, ತನಗೆ ತಿಳಿಯದಂತೆ ಮಾತಾಡಿಕೊಳ್ಳುತ್ತಿದ್ದ ಇಬ್ಬರನ್ನು ಪಕ್ಕಪಕ್ಕ ಕೂರಿಸಿ ಮದುವೆ ಮನೆಗೆ ಕರೆದೊಯ್ದಿದ್ದಳು. ಗೂಡಿಗೆ ಅಂಟುಪಟ್ಟಿ ಬೇರೆ!

"ಯಾರು ನೋಡಿದ್ರು?" ಎಂದಳು. ಇನ್ನೊಮ್ಮೆ ಕೇಳಿದಳು. "ರಾಕಾನ್, ಯಾರು ನೋಡಿದ್ರು?"

"ನಾನು ನೋಡಿಲ್ಲ. ನನ್ನ ಜೊತೆ ಕೆಲಸ ಮಾಡ್ತಾನಲ್ಲ ಸುಫ್ಯಾನ್, ಅವನು ತೆಗೆದು ನೋಡಿದ. ಮೊದಲನೇ ತುಣುಕು ಮಾತ್ರ, ಎರಡು ಕ್ಷಣ. ಹೆಂಗಸರು ಅಂತ ಕಂಡ ಕೂಡ್ಲೇ ಮುಚ್ಚಿದ. ಆಣೆ ಮಾಡಿದಾನೆ."

"ಅಷ್ಟೇನಾ?"

ರಾಕಾನ್ ತಡವರಿಸಿದ. "ಡಿಸ್ಕ್ ಖಾಲಿ ಮಾಡೋಕೆ ಮುಂಚೆ ಅವನ ಲ್ಯಾಪ್‌ಟಾಪಿಗೆ ಒಂದು ಪ್ರತಿ ಹಾಕಿದ್ದ. ಅಭ್ಯಾಸಬಲ ಅಕ್ಕ, ನಮ್ಮೋರೆಲ್ಲ ಹಾಗೇ. ಪ್ರತಿ ಇಡದೆ ಏನನ್ನೂ ಅಳಿಸಲ್ಲ. ಹಾಕಿದ ಮೇಲೆ ತೆಗೆದು ನೋಡಿದ್ದು. ನೋಡಿದ ಮೇಲೆ ಲ್ಯಾಪ್‌ಟಾಪಿಂದೂ ತೆಗೆದ. ನನ್ನೆದುರಿಗೇ ತೆಗೆದ. ಡಿಸ್ಕಲ್ಲಿರೋದು ಹಾಗೇ ಇದೆ."

ಸುಫ್ಯಾನ್ ಒಳ್ಳೆಯವನು. ಅವಳಿಗೂ ಗೊತ್ತು, ಅವಳ ಮನೆಯಲ್ಲೇ ಎಷ್ಟೋ ಸಲ ಉಂಡವನು. ಒಳ್ಳೆಯವನಾದರೇನು? ಅಳಿಸಿದ್ದು ಮರಳಿ ಬರುತ್ತದೆಂದು ಆ ಕಸುಬಿನವರಿಗೆಲ್ಲ ಗೊತ್ತು. ಬೇಕೆಂದವನು ತರಬಹುದು. ಆ ಲ್ಯಾಪ್‌ಟಾಪನ್ನು ನಾಳೆ ಮಾರಿದರೆ ಕೊಂಡವನೂ ತರಬಹುದು. ಆ ರಾತ್ರಿಯ ಒಬ್ಬೊಬ್ಬ ಹೆಂಗಸಿನ ಮುಖವೂ ಅವಳ ಕಣ್ಣ ಮುಂದೆ ಬಂತು. ಬಸುರಿಯಾಗಿದ್ದರೂ ಕುಣಿದವಳು, ಗಂಡನನ್ನು ಅಣಕಿಸಿ ನಗಿಸಿದವಳು, ಕಾಲಿನ ಚಪ್ಪಲಿ ಎಸೆದು ಮೇಜಿನ ಮೇಲೆ ಹತ್ತಿದ ಅಫ್ನಾನ್‌ಳ ಗೆಳತಿ. ಎಲ್ಲರೂ ಒಂದೇ ಕಾರ್ಡೆಂದು ನಂಬಿ ಕುಣಿದವರು.

ಭಾನುವಾರ ರಾಕಾನ್ ಪರದೆ, ಡಬ್ಬಿ ಎರಡನ್ನೂ ತಂದು ಅವಳ ಮುಂದಿಟ್ಟ. ಕಣ್ಣೆತ್ತಿ ನೋಡಲಿಲ್ಲ.

"ಬೈಯೋದಿದ್ರೆ ಬೈದುಬಿಡಕ್ಕ."

"ಬೈದು ಏನು ಮಾಡ್ಲಿ? ನಾನು ಕೇಳಿದ್ದೆ, ನೀನು ಹೇಳ್ಲಿಲ್ಲ. ನೀನು ಹೇಳ್ಲಿಲ್ಲ, ನಾನು ಮತ್ತೆ ಕೇಳ್ಲಿಲ್ಲ."

"ಈಗ ಇಲ್ಲೇ ಅಳಿಸಿಬಿಡು. ಕಾರ್ಡು ಅವರ ಹತ್ರ ಇದೆ, ಅವರಿಗೇನೂ ನಷ್ಟ ಇಲ್ಲ. ಸುಫ್ಯಾನ್ ಬಾಯಿ ಬಿಡಲ್ಲ, ನಾನು ಬಿಡಲ್ಲ. ಬಹೀಜಾ ಅತ್ತೆ ಗತಿ ನಿಂಗೂ ಬೇಕಾ?"

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ವಿಜ್ದಾನ್‌ಗೆ ಮನಸ್ಸೂ ಇರಲಿಲ್ಲ. ಪರದೆಗೆ ಡಬ್ಬಿ ಸಿಕ್ಕಿಸಿದಳು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಆಗಲೇ ಫೋನು ಹೊಡೆದುಕೊಂಡಿತು. ಆದಿಲಾ ಖಾಲಾ.

"ಮಗಳೇ..." ಆ ಗಡಸು ದನಿ ಒಡೆದಿತ್ತು. "ಬೇಗ ಬಾ. ಕಾರ್ಡು ಮುರಿದುಹೋಯ್ತು."

ಖಾಲಾ ಮಾತಿಗೆ ತಪ್ಪಿದವಳಲ್ಲ. ಎದೆ ಮೇಲಿಡುತ್ತೇನೆಂದು ಹೇಳಿದ್ದವಳು ಕಾರ್ಡನ್ನು ಪುಟ್ಟ ಬಟ್ಟೆಚೀಲಕ್ಕೆ ಹಾಕಿ, ಮಗಳ ಮದುವೆಗೆಂದು ಉಟ್ಟ ತನ್ನ ಉಡುಪಿನ ಒಳಪದರಕ್ಕೆ ಎದೆಯ ಹತ್ತಿರವೇ ಹೊಲಿದುಬಿಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಮದುವೆಯ ಆಯಾಸಕ್ಕೆ ಜ್ವರ ಬಂದು ಅವಳು ಮಲಗಿದ್ದಾಗ ಕೆಲಸದವಳು ಉಡುಪನ್ನು ಲಾಂಡ್ರಿಗೆ ಕೊಟ್ಟಳು. ಅವರು ಹಬೆಯ ಇಸ್ತ್ರಿಯಲ್ಲಿ ಒತ್ತಿ, ಗರಿಗರಿ ಮಾಡಿ ಕಳಿಸಿದ್ದರು. ಯಾರಿಗೂ ಹೇಳದೆ ಕಾಪಾಡಿದ್ದೇ ಕಾರ್ಡಿನ ಕೇಡಾಯಿತು.

ಫೋನು ಕೆಳಗಿಟ್ಟು, ತಮ್ಮನಿಗೆ ಸಂಗತಿ ಹೇಳಿ, ವಿಜ್ದಾನ್ ಡಬ್ಬಿಯನ್ನೇ ನೋಡಿದಳು. ಆ ಮದುವೆ ಈಗ ಇರುವುದು ಇದೊಂದರಲ್ಲಿ. ಇರಲೇಬಾರದಾಗಿದ್ದ ಪ್ರತಿಯಲ್ಲಿ.

"ಅಳಿಸಿಬಿಡಕ್ಕ," ಎಂದ ರಾಕಾನ್, ಮೆಲ್ಲಗೆ. "ಅವರೇ ಮುರಿದುಕೊಂಡಿದ್ದು. ನಿನ್ನ ತಪ್ಪೇನಿದೆ?"

ಇದಕ್ಕಿಂತ ದೊಡ್ಡ ಆಮಿಷವನ್ನು ಸೈತಾನನೂ ಒಡ್ಡಲಾರ. ವಿಜ್ದಾನ್ ಅಬಾಯ ಹಾಕಿಕೊಂಡಳು, ಡಬ್ಬಿ ಸಮೇತ ಪರದೆಯನ್ನು ಚೀಲಕ್ಕೆ ಹಾಕಿದಳು, ಕಾರಿನ ಕೀ ತೆಗೆದುಕೊಂಡಳು. ದಾರಿಯುದ್ದಕ್ಕೂ ಹೇಳುವೆನೋ ಬಿಡುವೆನೋ ಅವಳಿಗೇ ಗೊತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಒಮ್ಮೆ ಹೇಳುವುದೆಂದು ತೀರ್ಮಾನಿಸಿ, ಮುಂದಿನ ಸಿಗ್ನಲ್ಲಿನಲ್ಲಿ ಬೇಡವೆಂದು ತೀರ್ಮಾನಿಸಿದಳು.

ಆದಿಲಾ ಖಾಲಾ ಸೋಫಾದ ಅಂಚಿನಲ್ಲಿ ಕೂತಿದ್ದಳು. ಮುಂದಿನ ಮೇಜಿನ ಮೇಲೆ ಖರ್ಜೂರದ ತಟ್ಟೆ, ಕಾಫಿಯ ಹೂಜಿ, ಇನ್ನೊಂದು ಪುಟ್ಟ ತಟ್ಟೆಯಲ್ಲಿ ಎರಡು ಹೋಳಾದ ಕಾರ್ಡು. ಅಫ್ನಾನ್ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ; ಕಣ್ಣು ಊದಿಕೊಂಡಿತ್ತು. ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಸಿತ್ತಿ ಜುಹೂರ್ ಜಪಮಣಿಯ ಬದಲು ತನ್ನ ಕುತ್ತಿಗೆಯ ಸರದ ಮಣಿಗಳನ್ನು ಎಣಿಸುತ್ತಿದ್ದಳು.

"ಅಂಟಿಸೋಕೆ ಆಗುತ್ತಾ?" ಎಂದು ಕೇಳಿದಳು ಖಾಲಾ. ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ವಿಜ್ದಾನ್ ಇಲ್ಲವೆಂದು ತಲೆಯಾಡಿಸಿದಳು.

"ಮಗಳ ಮದುವೆಗೆ ನಾನೇ ಇಸ್ತ್ರಿ ಹೊಡೆಸಿಬಿಟ್ಟೆ." ಖಾಲಾ ನಗಲು ಹೋಗಿ ಅತ್ತಳು. ಆಮೇಲೆ ವಿಜ್ದಾನ್‌ಳ ಕೈ ಹಿಡಿದುಕೊಂಡಳು. "ನಿಂದೂ ಅಷ್ಟು ಶ್ರಮ ಹಾಳಾಯ್ತು. ಆ ಹಳೇ ಲೆನ್ಸಿಗೆ ಎಷ್ಟು ಒದ್ದಾಡಿದೆ ಅಂತ ಅಫ್ನಾನ್ ಹೇಳಿದ್ಲು. ಕ್ಷಮಿಸಮ್ಮ. ನೀನು ಒಪ್ಪಿಸಿದ್ದನ್ನ ಇಟ್ಕೊಳ್ಳೋ ಯೋಗ್ಯತೆ ನನಗಿರ್ಲಿಲ್ಲ."

ಆ 'ಕ್ಷಮಿಸಮ್ಮ' ಎಂಬ ಮಾತಿಗೆ ವಿಜ್ದಾನ್‌ಳ ಮೈ ಸುಟ್ಟ ಹಾಗಾಯಿತು. ಬೈದಿದ್ದರೆ, ನಿನ್ನ ಕಾರ್ಡೇ ಕಳಪೆ ಎಂದಿದ್ದರೆ, ಬಹುಶಃ ಸುಮ್ಮನೆ ಎದ್ದು ಹೋಗುತ್ತಿದ್ದಳು.

"ಖಾಲಾ, ಕೈ ಬಿಡಿ. ಮೊದಲು ಕೇಳಿ," ಎಂದಳು.

ಹೇಳಿದಳು. ಸುತ್ತಿಬಳಸಿ ಹೇಳಲಿಲ್ಲ, ಮೆತ್ತಗೆ ಮಾಡಿ ಹೇಳಲಿಲ್ಲ. ಲೆನ್ಸು ಮಾತಾಡದ್ದಕ್ಕೆ ಪರದೆ ಬೇಕಾದದ್ದು, ಪರದೆ ತಮ್ಮನದು, ಅದರ ಬೆನ್ನ ಡಬ್ಬಿ ತಾನಾಗಿ ರೆಕಾರ್ಡ್ ಮಾಡಿಕೊಂಡದ್ದು, ಅದು ಯಾನ್ಬುವಿಗೆ ಹೋದದ್ದು, ಸುಫ್ಯಾನ್ ಪ್ರತಿ ಹಾಕಿ, ನೋಡಿ, ತೆಗೆದದ್ದು. ಹೇಳುತ್ತಾ ಹೋದಂತೆ ಖಾಲಾಳ ಮುಖದಿಂದ ಅಳು ಇಳಿದು ಶಾಲೆಯ ಮುಖ ಬಂತು.

"ನಾನು ಅಂಟುಪಟ್ಟಿ ಒತ್ತಿದೆನಲ್ಲ," ಎಂದಳು ಕೊನೆಗೆ. "ಇದೇ ಬೆರಳಲ್ಲಿ."

"ಹೌದು ಖಾಲಾ."

"ಆದ್ರೂ ಅದು ಹಿಂದುಗಡೆ ಎಲ್ಲಾ ರೆಕಾರ್ಡ್ ಮಾಡ್ಕೊಳ್ತಾ ಇತ್ತು."

"ಹೌದು. ನನಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಬೇಕಾಗಿದ್ದು ನಿನಗೇ ಅಲ್ವೇನೇ? ನನಗಾ?" ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಆ ಹುಡುಗ ಎರಡು ಕ್ಷಣ ನೋಡಿ ಮುಚ್ಚಿದ ಅಂತೀಯ. ಅಷ್ಟೇ ಅಂತ ಆಣೆ ಮಾಡು."

ವಿಜ್ದಾನ್ ಬಾಯಿ ತೆರೆದಳು. "ಅವನು ಆಣೆ ಮಾಡಿದಾನೆ. ನಾನು ಮಾಡೋಕಾಗಲ್ಲ. ನಾನಲ್ಲಿರ್ಲಿಲ್ಲ."

ಅಷ್ಟರಲ್ಲಿ ಅಫ್ನಾನ್ ಎದ್ದು ಬಂದಳು. "ಅಂದ್ರೆ ಇದೆ! ಅಮ್ಮಾ, ಇದೆ ಅಂತಾಯ್ತಲ್ಲ! ಉಳಿದಿದ್ದು ಆಮೇಲೆ. ಮೊದಲು ಹಾಕು, ವಿಜ್ದಾನ್. ನನ್ನ ಮದುವೆ ನಾನಿನ್ನೂ ನೋಡಿಲ್ಲ."

ಖಾಲಾ ಹಾಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ವಿಜ್ದಾನ್ ಪರದೆಯನ್ನು ಖರ್ಜೂರದ ತಟ್ಟೆಗೆ ಒರಗಿಸಿ ನಿಲ್ಲಿಸಿದಳು. ಬೆಣ್ಣೆಯಂಥ ಬೆಳಕು ಬಂತು. ದೀಪಗಳ ಸುತ್ತ ಅದೇ ಮೆತ್ತನೆಯ ಪ್ರಭೆ, ಮುಖಗಳ ಮೇಲೆ ಅದೇ ಹಳೆಯ ಕಾಲದ ಕರುಣೆ. ಅಫ್ನಾನ್ ಮೆಟ್ಟಿಲಿಳಿದು ಬಂದಳು, ಹೆಂಗಸರು ನಾಲಿಗೆ ಆಡಿಸಿ ಮದುವೆಯ ಹರ್ಷದ ಕೇಕೆ ಹಾಕಿದರು, ಆದಿಲಾ ಖಾಲಾ ತಾನೇ ಸೊಂಟಕ್ಕೆ ಶಾಲು ಬಿಗಿದು ಕುಣಿದಳು. ನೋಡುತ್ತಿದ್ದ ಖಾಲಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಹೇಳುವಂತಿರಲಿಲ್ಲ.

ಆಮೇಲೆ ಸಿತ್ತಿಯ ಹಾಡು ಬಂತು. ಕಿಟಕಿಯ ಬಳಿ ಮಣಿ ಎಣಿಸುವ ಬೆರಳು ನಿಂತಿತು.

"ಯಾರೇ ಅದು ಹಾಡ್ತಿರೋದು?"

ಅಫ್ನಾನ್ ಗಾಲಿಕುರ್ಚಿಯನ್ನು ಹತ್ತಿರ ತಳ್ಳಿಕೊಂಡು ಬಂದಳು. ಸಿತ್ತಿ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಪರದೆಯ ಮುದುಕಿ ತಲೆಯೆತ್ತಿ, ಕಣ್ಣು ಮುಚ್ಚಿ, ಒಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ ಹಾಡುತ್ತಿದ್ದಳು.

"ಚೆನ್ನಾಗಿ ಹಾಡ್ತಾಳೆ ಕಣೇ. ಯಾರ ಮನೆಯೋಳು?"

"ನಮ್ಮ ಮನೆಯೋಳೇ, ಸಿತ್ತಿ," ಎಂದಳು ಅಫ್ನಾನ್.

"ಸುಳ್ಳು. ನಮ್ಮನೇಲಿ ಹಾಡೋರು ಯಾರಿದಾರೆ? ಇನ್ನೊಂದ್ಸಲ ಹಾಕು."

ಹಾಕಿದರು. ಮುಗಿಯಿತು. ಮುಗಿಯುತ್ತಲೇ ಸಿತ್ತಿಗೆ ಮರೆತುಹೋಯಿತು. "ಯಾರೇ ಅದು ಹಾಡ್ತಿದ್ದೋಳು? ಹಾಕು ನೋಡೋಣ." ಮತ್ತೆ ಹಾಕಿದರು. ಈ ಸಲ ಅವಳೂ ಜೊತೆಗೆ ಗುನುಗಿದಳು. ಎರಡು ದನಿ ಒಂದೇ ಸಾಲಿನಲ್ಲಿ, ಒಂದೇ ಕಡೆ ಉಸಿರು ತೆಗೆದುಕೊಂಡವು. ಆದಿಲಾ ಖಾಲಾ ತನ್ನ ತಾಯಿಯ ಮುಖವನ್ನೇ ನೋಡುತ್ತಿದ್ದಳು, ಪರದೆಯನ್ನಲ್ಲ.

"ಇದನ್ನ ಇಟ್ಕೊಳ್ಳೋಣ ಅಮ್ಮ," ಎಂದಳು ಅಫ್ನಾನ್. "ಬೇರೆಲ್ಲ ಹೋಗಲಿ. ಸಿತ್ತಿ ಹಾಡೊಂದು."

ಖಾಲಾ ವಿಜ್ದಾನ್‌ಳ ಕಡೆ ತಿರುಗಿದಳು. "ಅಮ್ಮನ ಮುಖ ಒಂದೇ ಬರೋ ಹಾಗೆ ಮಾಡೋಕಾಗುತ್ತಾ?"

"ಸುತ್ತ ಜನ ಇದಾರೆ ಖಾಲಾ. ಎಲ್ಲ ಕಡೆಯಿಂದ ಕತ್ತರಿಸಿದ್ರೂ ಹಿಂದಿರೋರು ಕಾಣ್ತಾರೆ. ದನಿ ಮಾತ್ರ ಬೇಕಾದ್ರೆ ತೆಗೆದುಕೊಡ್ತೀನಿ."

"ದನೀಲೂ ಅವರ ದನಿ ಇದೆಯಲ್ಲ." ಖಾಲಾ ಬೆರಳಿಟ್ಟು ತೋರಿಸಿದಳು. "ಇದು ನಮ್ಮ ಪಕ್ಕದ ಮನೆಯೋಳು. ಗಂಡನ ಹೆಸರೆತ್ತಿ ಕೂಗ್ತಾಳೆ, ಕೇಳು. ಇವಳು ಅಫ್ನಾನ್‌ಳ ಗೆಳತಿ. ಅವರಪ್ಪ ನಂಬಿ ಕಳಿಸಿದ್ದು ನನ್ನ ಮಾತಿನ ಮೇಲೆ. ಬಾಗಿಲಲ್ಲಿ ನಿಂತು ನಾನು ಒಬ್ಬೊಬ್ಬರ ಮುಖ ನೋಡಿ ಹೇಳಿದೀನಿ, ಒಂದೇ ಕಾರ್ಡು ಅಂತ. ಇದು ಆ ಕಾರ್ಡಲ್ಲ."

"ಅವರಿಗೆ ಗೊತ್ತಾಗಲ್ಲಮ್ಮ!"

"ನನಗೆ ಗೊತ್ತಾಗುತ್ತೆ. ನೋಡಿದಾಗಲೆಲ್ಲ, ನನಗಿಂತ ಮೊದಲು ಇದನ್ನ ಯಾವನು ನೋಡಿದ ಅಂತ ಹೊಟ್ಟೇಲಿ ಬೆಂಕಿ ಏಳುತ್ತೆ. ಅಮ್ಮನ ಹಾಡು ಕೇಳ್ತಾ ಅದೇ ಯೋಚನೆ ಮಾಡ್ಲಾ?" ಖಾಲಾ ಕಾಫಿಯ ಲೋಟವನ್ನು ಕೈಗೆತ್ತಿಕೊಂಡು ಕುಡಿಯದೆ ಕೆಳಗಿಟ್ಟಳು. "ನೀನು ಬಂದು ಹೇಳಿದೆ ವಿಜ್ದಾನ್. ಹೇಳದೆ ಇದ್ದಿದ್ರೆ ನನಗೆ ತಿಳೀತಾನೇ ಇರ್ಲಿಲ್ಲ. ಅದನ್ನ ನಾನು ಮರೆಯಲ್ಲ. ಆದ್ರೆ ನನ್ನ ಮನೆ ಮದುವೆಗೆ ಇನ್ನು ನಿನ್ನನ್ನ ಕರೆಯೋಕಾಗಲ್ಲ. ಆ ಹೆಂಗಸರಿಗೆಲ್ಲ ಏನು ಹೇಳ್ಬೇಕೋ, ನೀನೇ ಒಬ್ಬೊಬ್ಬರ ಮನೆಗೆ ಹೋಗಿ ಹೇಳು. ನಾನು ನಿನ್ನ ಪರವಾಗಿ ಸುಳ್ಳು ಹೇಳಲ್ಲ, ನಿನ್ನ ವಿರುದ್ಧ ಚಾಡಿಯನ್ನೂ ಹೇಳಲ್ಲ."

ವಿಜ್ದಾನ್ ತಲೆ ತಗ್ಗಿಸಿ ಹೂಂ ಎಂದಳು. ಅತ್ತೆಯ ಸ್ಟುಡಿಯೊದ ಬಾಗಿಲು ಮುಚ್ಚಿದ್ದು ಯಾರೋ ಆಡಿದ ಮಾತಿನಿಂದ. ತನ್ನದನ್ನು ತನ್ನ ಬಾಯಿಂದಲೇ ಮುಚ್ಚಿಕೊಳ್ಳಬೇಕು. ಬೇಸರಕ್ಕಿಂತ ಹೆಚ್ಚಾಗಿ ಭಯವಾಯಿತು, ಎಷ್ಟೊಂದು ಬಾಗಿಲು ತಟ್ಟಬೇಕೆಂದು.

"ಅಳಿಸು," ಎಂದಳು ಖಾಲಾ. "ನನ್ನ ಕಣ್ಣೆದುರೇ."

ಅಫ್ನಾನ್ ಮುಖ ತಿರುಗಿಸಿ ಗೋಡೆಯ ಕಡೆ ನಿಂತಳು. ವಿಜ್ದಾನ್ ಗುಂಡಿ ಒತ್ತಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಪರದೆ ಕೇಳಿತು. ಅವಳು ಖಾಲಾಳನ್ನು ನೋಡಿದಳು. ಖಾಲಾ ತಾನೇ ಬೆರಳು ಚಾಚಿ, ಅಂಟುಪಟ್ಟಿಯನ್ನು ಒತ್ತಿದ ಅದೇ ಹೆಬ್ಬೆರಳಿನಿಂದ, ಹೌದು ಎಂಬಲ್ಲಿ ಒತ್ತಿದಳು. ಪರದೆ ಕಪ್ಪಾಯಿತು.

ಸಿತ್ತಿ ಜುಹೂರ್ ಕಾದಳು. ಪರದೆಯ ಅಂಚನ್ನು ತಟ್ಟಿದಳು. ಬಗ್ಗಿ ಅದರ ಹಿಂದೆ ಇಣುಕಿ ನೋಡಿದಳು. "ಹಾಡ್ತಾ ಇದ್ಲಲ್ಲೇ. ಎಲ್ಲಿಗೆ ಹೋದ್ಲು?"

ಆದಿಲಾ ಖಾಲಾ ಎದ್ದು ನಿಂತಳು, ಬಾಗಿಲವರೆಗೆ ಹೋದಳು, ತಿರುಗಿ ನೋಡದೆಯೇ ಹೇಳಿದಳು: "ನೀನೇ ಹೇಳು ವಿಜ್ದಾನ್, ನನ್ನಮ್ಮನಿಗೆ."

ವಿಜ್ದಾನ್ ಗಾಲಿಕುರ್ಚಿಯ ಮುಂದೆ ಮಂಡಿಯೂರಿ ಕೂತು ಆ ಸುಕ್ಕುಗಟ್ಟಿದ ಕೈ ಹಿಡಿದುಕೊಂಡಳು. "ಅವಳು ಮನೆಗೆ ಹೋದ್ಲು, ಸಿತ್ತಿ."

"ಅಯ್ಯೋ, ಇಷ್ಟು ಬೇಗನಾ?" ಮುದುಕಿಯ ಮುಖ ಬಾಡಿತು. "ಊಟ ಮಾಡಿಸಿ ಕಳಿಸಿದ್ರಾ?"